ಗೆರೆ ಕೆಡಿಸಿದ ಕಾರ್ಡುಗಳು

ಬಸ್ಸು ಹಿರಿಯೂರು ದಾಟಿದ ಮೇಲೆ ಕೆಟ್ಟು ನಿಲ್ಲಬಹುದಿತ್ತು. ಕಂಡಕ್ಟರು ರಟ್ಟಿನ ಪೆಟ್ಟಿಗೆಯನ್ನು ಟಾಪಿನ ಮೇಲೆ ಎಸೆದು, ಮಳೆ ಬಂದು, ಒಳಗಿದ್ದ, ಕಂಪ್ಯೂಟರು ಓದಲೆಂದು ಅಂಕಿಗಳನ್ನು ತೂತುಗಳಾಗಿ ಕೊರೆದ ಪಂಚ್ ಕಾರ್ಡುಗಳು ಹಪ್ಪಳದ ಹಾಗೆ ಸೊಟ್ಟಗಾಗಬಹುದಿತ್ತು. ದಶಮಾಂಶದ ಚುಕ್ಕಿಯನ್ನು ನಾನೇ ತಪ್ಪಾದ ಕಡೆ ಕೊರೆದಿರಬಹುದಿತ್ತು. ಬೆಂಗಳೂರಿನ ಕಂಪ್ಯೂಟರು ನಮ್ಮ ಸರದಿಗೇ ಸರಿಯಾಗಿ ಮಲಗಬಹುದಿತ್ತು. ಇಷ್ಟನ್ನೂ ಚಿತ್ರದುರ್ಗದ ಬಾಡಿಗೆ ಮನೆಯಲ್ಲಿ ಕೂತು ನೆನೆಸಿಕೊಂಡು ತಲೆ ಕೆಡಿಸಿಕೊಂಡೆ. ಕಾರ್ಡು ಹೊತ್ತು ಹೋದವನು ನನ್ನ ಗೆಳೆಯ. ಹೊಸದುರ್ಗದವನು, ನಾನು ಪಾಠ ಹೇಳುವ ಕಾಲೇಜಿನಲ್ಲೇ ಭೌತಶಾಸ್ತ್ರದ ಮೇಷ್ಟ್ರು.

"ನೀನು ಬಂದ್ರೆ ಮಿಷಿನ್ನಿಗೂ ಗಾಬರಿ ಹತ್ತುತೈತೆ, ಮನೇಲಿರಲೇ" ಎಂದಿದ್ದ.

ಪ್ರೋಟಾನಿಗೆ ಪಯಾನ್ ಎಂಬ ಕಣ ಬಡಿದು ಹೇಗೆ ಚದುರುತ್ತದೆಂದು ಹೊರದೇಶದವರು ಅಳೆದು ಅಚ್ಚು ಹಾಕಿಸಿದ್ದರು. ಒಂದೊಂದು ಅಳತೆಗೆ ನಮ್ಮದು ಒಂದೊಂದು ಕಾರ್ಡು. ಅವಕ್ಕೆಲ್ಲ ಹೊಂದುವಂತೆ ಕಂಪ್ಯೂಟರು ಎಳೆಯುವ ಗೆರೆಯಲ್ಲಿ ಒಂದು ಉಬ್ಬು ಕಂಡರೆ, ಪ್ರೋಟಾನು ಕ್ಷಣಮಾತ್ರ ಉದ್ರೇಕಗೊಂಡು ನಿಲ್ಲುವ ಹೊಸ ಸ್ಥಿತಿಯೊಂದು ಇದೆ ಎನ್ನಬಹುದಿತ್ತು. ನನ್ನ ಪಿಎಚ್.ಡಿ. ಆ ಉಬ್ಬನ್ನೇ ನಂಬಿಕೊಂಡಿತ್ತು.

ಗೆಳೆಯ ಬಂದವನೇ ಮೇಜಿನ ಮೇಲೆ ಕಂಪ್ಯೂಟರು ಅಚ್ಚು ಹಾಕಿದ ಹಾಳೆ ಹಾಸಿದ. "ನೋಡಲೇ, ಉಬ್ಬು ಜೋಗಿಮಟ್ಟಿ ಗುಡ್ಡ ಎದ್ದಂಗೆ ಎದ್ದೈತೆ! ಅಲ್ಲೇ ನಿಮ್ಮ ಗೈಡಿಗೂ ತೋರಿಸ್ದೆ. ಅವರು ಕುಣಿಯೋದೊಂದು ಬಾಕಿ."

ನಾನು ಅವನನ್ನು ತಬ್ಬಿಕೊಂಡೆ. ಚಿಂತೆಗೆ ಬೇರೇನೂ ಸಿಗದೆ ಪೆಟ್ಟಿಗೆ ಬಿಚ್ಚಿದೆ. ಕಟ್ಟು ಚೆಲ್ಲಿದರೆ ಮತ್ತೆ ಜೋಡಿಸಲು ಸುಲಭವಾಗಲೆಂದು ಕಾರ್ಡಿನ ಕಟ್ಟಿನ ನೆತ್ತಿಯ ಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ ಪೆನ್ಸಿಲ್ ಗೆರೆ ಎಳೆಯುವುದು ನಮ್ಮ ರೂಢಿ. ಆ ಪೆನ್ಸಿಲ್ ಗೆರೆ ನಡುವೆ ಒಂದು ಕಡೆ ಮೆಟ್ಟಿಲು ಹಾರಿದಂತಿತ್ತು.

"ಇಲ್ಲಿ ಕಾರ್ಡು ಇಲ್ಲವಲ್ಲೋ?"

"ನಾಲ್ಕೈದು ತೆಗೆದಿಟ್ಟೆ ಬಿಡಪ್ಪ. ಅವು ಮಿಷಿನ್ನು ಎಳೆಯೋ ಗೆರೆ ಕೆಡಿಸ್ತಿದ್ವು."

"ಅವು ಇದ್ದರೆ?"

ಅವನು ಕಿಟಕಿಯ ಕಡೆ ನೋಡಿದ. "ಮೊದಲು ಅವನ್ನ ಹಾಕೇ ಓಡಿಸ್ದೆ. ಉಬ್ಬೇ ಇಲ್ಲ, ಬರೀ ಬಯಲು. ಹೇಳಿದ್ರೆ ನೀನು ಊಟ ಬಿಡ್ತಿದ್ದೆ ಕಣಲೇ."

ನನ್ನನ್ನು ಅಷ್ಟು ಚೆನ್ನಾಗಿ ಬಲ್ಲವನು ಬೇರೆ ಯಾರೂ ಇರಲಿಲ್ಲ. ಗೈಡಿಗೆ ಏನು ಹೇಳುವುದೆಂದು ನಾನು ಯೋಚಿಸುತ್ತಿರುವಾಗ ಅವನು ಎದ್ದು ಜೇಬಿನಿಂದ ಆ ಕಾರ್ಡುಗಳನ್ನು ತೆಗೆದ. ರಬ್ಬರ್ ಬ್ಯಾಂಡ್ ಹಾಕಿ ಜೋಪಾನ ಮಾಡಿದ್ದ. ನನ್ನ ಕೈಗೆ ಕೊಡಲಿಲ್ಲ, ಹಾಳೆಯ ಮೇಲೆ ಇಟ್ಟು ಹೋದ.