ಸಬ್‌ಮರೀನಿನ ಮೇಲೆ ನಿಂತ ಆಳು

ಆದದ್ದು ಇಷ್ಟೇ: ಬಾಳೆನಾರು ನೆನೆದು ಮೆತ್ತಗಾಯಿತು, ಗಂಟು ಜಾರಿತು, ಜಾರಿದ ನಾರು ಸಬ್‌ಮರೀನಿನ ಹಿಂದಿನ ಫ್ಯಾನಿಗೆ ಸುತ್ತಿಕೊಂಡಿತು. ಬೇರೆ ಏನೂ ಆಗಲಿಲ್ಲ. ತಂಗಿಯ ಊರು ಹಿರೇಗುತ್ತಿಯಲ್ಲಿ ಯಾರಾದರೂ ಬೇರೆ ಕಥೆ ಹೇಳಿದರೆ ಅವರು ಅವತ್ತು ಅಲ್ಲಿ ಇರಲಿಲ್ಲ ಎಂದು ತಿಳಿಯಬೇಕು. ಇದ್ದವರು ನಾನು, ನನ್ನ ಗಂಡ, ನನ್ನ ತಂಗಿ. ಮೂವರೇ.

ನನ್ನ ಗಂಡ ಕಾರವಾರದ ಕಡೆ ಹಡಗುಗಳಿಗೆ ಬಣ್ಣ ಹೊಡೆಯುವ ಗುತ್ತಿಗೆ ಕೆಲಸದಲ್ಲಿದ್ದವರು. ಕೆಲಸ ಬಿಟ್ಟು ಭಟ್ಕಳದ ಹತ್ತಿರ ಜಾಲಿಯ ಮನೆಗೆ ಬಂದು ಕೂತ ಮೇಲೆ ಕೈ ಸುಮ್ಮನಿರಲಿಲ್ಲ. ಯಾರೋ ಕೆರೆಯಲ್ಲಿ ರಿಮೋಟಿನ ಸಬ್‌ಮರೀನ್ ಓಡಿಸುವುದನ್ನು ಮೊಬೈಲಿನಲ್ಲಿ ನೋಡಿದರು. ಆಮೇಲೆ ಊಟದ ಹೊತ್ತಿಗೆ ಕರೆದರೂ ಕಿವಿ ಕೇಳುತ್ತಿರಲಿಲ್ಲ. ಪ್ಲಾಸ್ಟಿಕ್ ಪೈಪು ತಂದು ಕೊಯ್ದು, ಬಿಸಿ ಮಾಡಿ ಮೂತಿ ಬಗ್ಗಿಸಿ, ತೋಳುದ್ದದ ಒಂದು ಸಬ್‌ಮರೀನ್ ಮಾಡಿದರು. ಮೋಟಾರು, ಬ್ಯಾಟರಿ, ರಿಮೋಟು ಎಲ್ಲ ಮೊಮ್ಮಗಳು ಆನ್‌ಲೈನಿನಲ್ಲಿ ತರಿಸಿಕೊಟ್ಟಳು. ಅದು ಓಡುತ್ತಿರುವಷ್ಟು ಹೊತ್ತು ಮಾತ್ರ ಮುಳುಗಿರುತ್ತದೆ. ಮೋಟಾರು ನಿಂತರೆ ತಾನಾಗಿ ಮೇಲೆ ಬಂದು ತೇಲುತ್ತದೆ. ನೀರಿನ ತೊಟ್ಟಿಯಲ್ಲಿ ಬಿಟ್ಟು ಬಿಟ್ಟು ನೋಡಿದೆವು, ಸರಿಯಾಗಿಯೇ ಇತ್ತು.

ಸರಿ ಇಲ್ಲದ್ದು ಅದರ ಬಣ್ಣ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ.

"ಇದೆಂತ ಮಾರಾಯ್ರೆ, ಮದುವೇಲಿ ಉಡುಗೊರೆ ಕೊಡೂ ಸ್ಟೀಲ್ ಡಬ್ಬಿ ಕಂಡಂಗೆ ಕಾಣ್ತದೆ."

"ನಿಂಗೆಂತ ಗೊತ್ತು? ಜೀವಮಾನ ಇಡೀ ಹಡಗಿಗೆ ಬಣ್ಣ ಹೊಡೆದವ ನಾನು."

"ನೀವು ಹೊಡೆದು ಕಳಿಸೂದು ಹೊಸಾ ಬಣ್ಣ. ಸಮುದ್ರದಲ್ಲಿ ಇದ್ದು ವಾಪಸ್ ಬಂದದ್ದು ಹೆಂಗಿರ್ತದೆ, ಅದು ಹೇಳಿ."

ಅವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಹೇಳತೊಡಗಿದರು. ತೂತುಗಳಿಂದ ಕೆಳಗೆ ತುಕ್ಕಿನ ಗೆರೆ ಇಳಿದಿರುತ್ತದೆ. ನೀರು ಮುಟ್ಟುವ ಮಟ್ಟದಲ್ಲಿ ಹಸಿರು ಪಾಚಿ. ಅದರ ಮೇಲೆ ಉಪ್ಪು ಒಣಗಿದ ಬಿಳಿ. ಹಗ್ಗ ಉಜ್ಜಿದ ಕಡೆ ಬಣ್ಣ ಹೋಗಿ ಲೋಹ ಹೊಳೆಯುತ್ತದೆ. ಅವರು ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಬಾವಿಯ ರಾಟೆಯ ತುಕ್ಕು ಕೆರೆದು ವಾರ್ನಿಶಿನಲ್ಲಿ ಕಲಸಿ ಕಡ್ಡಿಯಿಂದ ಎಳೆದೆ. ಗೋಡೆಯ ಹಾವಸೆ ಒಣಗಿಸಿ ಪುಡಿ ಮಾಡಿ ಮೆತ್ತಿದೆ. ಎಲೆಗೆ ಹಚ್ಚುವ ಸುಣ್ಣವನ್ನು ತೆಳ್ಳಗೆ ಮಾಡಿ ಉಪ್ಪಿನ ಕಲೆ ಹಾಕಿದೆ. ಮಲ್ಲಿಗೆ ಕಟ್ಟಿ ಭಟ್ಕಳದ ಪೇಟೆಗೆ ಕೊಟ್ಟು ಬದುಕಿದವಳು ನಾನು, ಬೆರಳು ನಡುಗುವುದಿಲ್ಲ. ಮೇಲೆ ನಡೆದಾಡುವವರು ಹಿಡಿದುಕೊಳ್ಳಲು ಉದ್ದಕ್ಕೂ ಒಂದು ಹಗ್ಗ ಇರುತ್ತದೆ ಎಂದರು. ಗುಂಡುಸೂಜಿ ಸಾಲಾಗಿ ನೆಟ್ಟು, ಹೂ ಕಟ್ಟುವ ಬಾಳೆನಾರನ್ನು ಕೂದಲಿನಷ್ಟು ತೆಳ್ಳಗೆ ಸೀಳಿ, ಸೂಜಿಗೊಂದು ಗಂಟು ಹಾಕಿ ಎಳೆದು ಕಟ್ಟಿದೆ. ಹೂ ಕಟ್ಟುವಾಗ ನಾರನ್ನು ನೆನೆಸಿಯೇ ಕಟ್ಟುವುದು. ಇಲ್ಲಿ ಒಣಗಿದ್ದನ್ನೇ ಕಟ್ಟಿದೆ, ಬಿಗಿಯಾಗಿ ನಿಲ್ಲುತ್ತದೆಂದು.

ಕೊನೆಗೆ ಒಬ್ಬ ಆಳು ಬೇಕೆಂದರು. ಮೇಲಿನ ಗೋಪುರದಲ್ಲಿ ನಿಂತು ಮುಂದೆ ನೋಡುವವನು. ನಲ್ಲಿ ಪೈಪಿಗೆ ಮೆತ್ತುವ ಪುಟ್ಟಿಯಲ್ಲಿ, ಒಳಗೆ ತಾಮ್ರದ ತಂತಿ ಇಟ್ಟು, ಎರಡು ಹುಣಸೆಬೀಜದಷ್ಟು ಎತ್ತರದ ಆಳನ್ನು ಮಾಡಿದೆ. ಬಲಗಾಲಿನ ಮೇಲೆ ಭಾರ ಬಿಟ್ಟು, ಎಡ ಹೆಗಲು ಇಳಿಸಿ ನಿಂತ. ಕೈಯಲ್ಲಿ ಏನೂ ಇರಲಿಲ್ಲ. ನೀರಿನ ಮೇಲೆ ಏನನ್ನೂ ಹಿಡಿಯದೆ ಯಾರು ನಿಲ್ಲುತ್ತಾರೆ? ಆ ನಾರಿನ ಹಗ್ಗದ ತುದಿಯನ್ನು ಅವನ ಕೈಗೆ ಕಟ್ಟಿದೆ.

ಅವನನ್ನು ನಿಲ್ಲಿಸಿದ ದಿನದಿಂದ ಅದು ಚಿಕ್ಕದಾಗಿ ಕಾಣುವುದು ನಿಂತುಹೋಯಿತು. ಮೇಜಿನ ಮೇಲೆ ಇಟ್ಟ ತೋಳುದ್ದದ ಸಾಮಾನು, ನನಗೆ ಗೊತ್ತಿದೆ. ಆದರೂ ಕಸ ಗುಡಿಸಲು ಒಳಗೆ ಹೋದರೆ ದೊಡ್ಡ ಹಡಗೊಂದು ದೂರದಲ್ಲಿ ನಿಂತ ಹಾಗೆ, ನಮ್ಮ ಕೋಣೆಯೇ ಬಹಳ ಅಗಲವಾದ ಹಾಗೆ. ಆ ಮೂಲೆಯಲ್ಲಿ ಬೇಗ ಬೇಗ ಗುಡಿಸಿ ಬರುತ್ತಿದ್ದೆ.

ಇನ್ನು ತಂಗಿಯ ಮಾತು. ಅವಳ ಗಂಡ ಬೋಟಿಗೆ ಹೋಗುತ್ತಿದ್ದವ. ಏಳೆಂಟು ವರ್ಷದ ಹಿಂದೆ ಹೋದ ಬೋಟು ವಾಪಸ್ ಬಂತು, ಅವನು ಬರಲಿಲ್ಲ. ಗಾಳಿಗೆ ಸಿಕ್ಕಿ ನೀರಿಗೆ ಬಿದ್ದ ಎಂದರು. ಹೆಣ ಸಿಗಲಿಲ್ಲ. ತಂಗಿ ಹಿರೇಗುತ್ತಿಯ ಮನೆಯಲ್ಲಿ ದಿನವೂ ಎರಡು ಬಟ್ಟಲಿಗೆ ಅನ್ನ ಹಾಕುತ್ತಾಳೆ, ತನ್ನದು ಉಂಡು ಆಮೇಲೆ ಅವನದನ್ನೂ ತಾನೇ ಉಣ್ಣುತ್ತಾಳೆ. ಸತ್ತವನನ್ನು ಸತ್ತ ಎನ್ನಬೇಕು, ಅಷ್ಟೇ. ಹೆಣ ಸಿಗದಿದ್ದರೆ ದರ್ಭೆಯಲ್ಲಿ ಆಳು ಕಟ್ಟಿ, ಅದನ್ನು ಸುಟ್ಟು ಕಾರ್ಯ ಮಾಡಿ ಮುಗಿಸುತ್ತಾರೆ. ಪ್ರತಿ ವರ್ಷ ಮಹಾಲಯ ಬಂದಾಗ ನಾನು ಹೇಳುತ್ತಿದ್ದೆ, ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಆ ವರ್ಷ ಫೋನಿನಲ್ಲಿ "ಆತು ಅಕ್ಕ, ನೀ ಹೇಳ್ದಂಗೇ ಮಾಡುವ" ಎಂದಳು. ಮನಸ್ಸು ತಿರುಗುವ ಮೊದಲು ಗೋಕರ್ಣದ ಭಟ್ಟರಿಗೆ ಹೇಳಿಬಿಟ್ಟೆ. ಹಿಂದಿನ ದಿನವೇ ನಾವಿಬ್ಬರೂ ಹೊರಟೆವು. ಗಂಡ ಸಬ್‌ಮರೀನನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬಗಲಲ್ಲಿ ಹಿಡಿದುಕೊಂಡರು.

"ಕಾರ್ಯಕ್ಕೆ ಹೋಗೂದು ನಾವು, ಆಟಕ್ಕಲ್ಲ."

"ಕಾರ್ಯ ನಾಳೆ. ಇವತ್ತು ಸಂಜೆ ಎಂತ ಮಾಡೂದು ಅಲ್ಲಿ? ಅವ್ಳ ಮುಖ ನೋಡ್ತಾ ಕೂರೂದಾ?"

ಬಸ್ಸಿನಲ್ಲಿ ಹೊನ್ನಾವರ ದಾಟುವವರೆಗೂ ಅದು ಅವರ ತೊಡೆಯ ಮೇಲೇ ಇತ್ತು. ಪಕ್ಕದಲ್ಲಿ ಕೂತ ಹೆಂಗಸು "ಕೂಸು ಎಷ್ಟು ತಿಂಗಳದ್ದು?" ಎಂದು ಕೇಳಿದಳು.

ತಂಗಿಯ ಮನೆಯ ಹಿಂದೆ ಗಜನಿ. ಹೊಳೆಯ ಉಬ್ಬರದ ನೀರು ಬಂದು ಹೋಗುವ ತಗ್ಗಿನ ಗದ್ದೆ ಅದು, ದಂಡೆಗೆ ನೀರು ಬಿಡಲು ಹಲಗೆಯ ಬಾಗಿಲು, ಅಂದರೆ ಗೇಟು, ಇದೆ. ಆ ವರ್ಷ ಬೆಳೆ ಮಾಡದೆ ಸಿಗಡಿಗೆಂದು ನೀರು ನಿಲ್ಲಿಸಿದ್ದರು. ಗಂಡ ನೀರನ್ನು ನಾಲಿಗೆಗೆ ಹಚ್ಚಿ ನೋಡಿದರು. ಮಳೆನೀರೇ ಹೆಚ್ಚು, ಉಪ್ಪು ಕಮ್ಮಿ, ರಿಮೋಟು ಕೇಳುತ್ತದೆ ಎಂದರು. ಉಪ್ಪುನೀರಿನ ಒಳಗೆ ರಿಮೋಟಿನ ಮಾತು ಹೋಗುವುದಿಲ್ಲವಂತೆ.

ಸೂರ್ಯ ಇಳಿಯುವ ಹೊತ್ತು. ಗಾಳಿ ಇರಲಿಲ್ಲ. ತಂಗಿ ದೂರದಲ್ಲಿ ಹಲಗೆಯ ಬಾಗಿಲಿನ ಹತ್ತಿರ ದಂಡೆಯ ಮೇಲೆ ನಿಂತಿದ್ದಳು. ಅದನ್ನು ಹತ್ತಿರ ಬಂದು ನೋಡಲೂ ಇಲ್ಲ. ಸಬ್‌ಮರೀನ್ ಒಂದು ಸುತ್ತು ಮೇಲೆಯೇ ಹೋಯಿತು, ಆಳು ನಮಗೆ ಬೆನ್ನು ಮಾಡಿ ಮುಂದೆ ನೋಡುತ್ತ ನಿಂತಿದ್ದ. ಆಮೇಲೆ ಮೂತಿ ತಗ್ಗಿತು. ಮೊದಲು ಹಸಿರು ಪಾಚಿ ಮುಳುಗಿತು, ಆಮೇಲೆ ಗೋಪುರ, ಆಳಿನ ಸೊಂಟ, ತಲೆ. ನೀರು ಮುಚ್ಚಿಕೊಂಡಿತು.

ಗಂಡ ಗುಂಡಿ ಒತ್ತಿದರು. ಬರಲಿಲ್ಲ. ಮೋಟಾರು ನಿಲ್ಲಿಸಿದರು. ನಿಂತರೆ ಮೇಲೆ ಬರಲೇಬೇಕು. ಬರಲಿಲ್ಲ. ಒಂದು ಗುಳ್ಳೆ ಕೂಡ ಏಳಲಿಲ್ಲ. ನಾವು ನೋಡುತ್ತಲೇ ನಿಂತೆವು. ಎಲೆ ಹಾಕಿ ಜಗಿದು ಉಗುಳುವಷ್ಟು ಹೊತ್ತಾಯಿತು. ನೀರು ಎಣ್ಣೆಯ ಹಾಗೆ ನಿಂತಿತ್ತು, ಕೊಕ್ಕರೆಗಳೂ ಎದ್ದು ಹೋಗಿದ್ದವು. ಇಳಿತ ಶುರುವಾಗಿ ಗೇಟು ನೋಡುವವನು ಬಂದ, ಹಲಗೆ ಎತ್ತಿದ, ಸಿಗಡಿ ಬಲೆ ಕಟ್ಟಿ ಆಚೆಯ ಗೇಟಿಗೆ ಹೋದ. ನೀರು ಸದ್ದಿಲ್ಲದೆ ಆ ಕಡೆ ಎಳೆಯತೊಡಗಿತು.

ಆಗ ಅದು ಎದ್ದಿತು. ನಮ್ಮ ಮುಂದೆ ಅಲ್ಲ, ಆ ತುದಿಯಲ್ಲಿ, ತಂಗಿಯ ಕಾಲ ಬುಡದಲ್ಲಿ. ಮೊದಲು ತಲೆ ಎದ್ದಿತು. ಮೋಟಾರಿನ ಸದ್ದಿಲ್ಲ. ಹಿಂದುಮುಂದಾಗಿ, ಬಾಲ ಮೊದಲು ಮಾಡಿ, ಮೆಲ್ಲಗೆ ಅವಳ ಕಡೆಗೆ ಸರಿಯಿತು. ನಾವು ದಂಡೆಯ ಮೇಲೆ ಓಡಿ ಹೋಗುವಷ್ಟರಲ್ಲಿ ಅವಳು ಮೊಣಕಾಲವರೆಗೆ ನೀರಿಗೆ ಇಳಿದಿದ್ದಳು. ನಾನು ರಟ್ಟೆ ಹಿಡಿದು ಎಳೆದೆ, ಅವಳು ಕಲ್ಲಿನ ಹಾಗೆ ನಿಂತಿದ್ದಳು. ಮುಂದೆ ನೋಡುತ್ತಿದ್ದ ಆಳು ಪೂರ್ತಿ ತಿರುಗಿ ಹಿಂದೆ ಮುಖ ಮಾಡಿದ್ದ, ಅಂದರೆ ಅವಳ ಕಡೆಗೆ. ಕೆಳಗಿದ್ದ ಕೈ ಮುಂದೆ ಚಾಚಿತ್ತು. ತುಕ್ಕಿನ ಗೆರೆಯಿಂದ ನೀರು ಇಳಿಯುತ್ತಿತ್ತು.

"ಅಕ್ಕ, ಇವ್ರು ನಿಲ್ಲೂದು ಹಿಂಗೇ ಅಲ್ವಾ?" ಎಂದಳು.

"ಬೋಟಿಗೆ ಹೋಗೂ ಗಂಡಸ್ರು ಎಲ್ಲಾ ನಿಲ್ಲೂದು ಹಿಂಗೇ. ಮೇಲೆ ಬಾ."

"ಕೈ ಮಾಡ್ತಾ ಇದ್ರು. ಬಾ ಅಂತಲಾ, ನಾ ಬತ್ತೆ ಅಂತಲಾ, ತಿಳೀಲಿಲ್ಲ."

ಗಂಡ ಅದನ್ನು ಎತ್ತಿ ತಿರುಗಿಸಿ ತೋರಿಸಿದರು. ಫ್ಯಾನಿನ ತುಂಬ ನಾರು ಸುತ್ತಿತ್ತು. ಅದಕ್ಕೇ ತಳದ ಒಂದು ಬೇರೂ ಸಿಕ್ಕಿಕೊಂಡಿತ್ತು. ಆ ಬೇರು ಹಿಡಿದಿಟ್ಟಿತ್ತು, ಇಳಿತದ ನೀರು ಬಿಡಿಸಿ ಗೇಟಿನ ಕಡೆ ಎಳೆದು ತಂದಿತು. ನಾರು ಎಳೆದ ಎಳೆತಕ್ಕೆ ಕೈ ಚಾಚಿತು, ಆಳು ತಿರುಗಿದ. ಎಲ್ಲ ಬಿಡಿಸಿ ಬಿಡಿಸಿ ಹೇಳಿದೆ. ಅವಳು ಅರ್ಧದಲ್ಲಿ ಎದ್ದು ಹೋಗಲಿಲ್ಲ, ಪೂರ್ತಿ ಕೇಳಿದಳು.

"ನಾರು ನಂಗೂ ಕಾಣ್ತದೆ ಅಕ್ಕ. ನೀ ಯಾಕೆ ಅದ್ನ ಅವ್ರ ಕೈಗೇ ಕಟ್ಟಿದ್ದು?"

ನಾನು ಬಗ್ಗಿ ಅವಳ ಸೀರೆಯ ಅಂಚು ಹಿಂಡಿದೆ. ಮನೆಗೆ ಬಂದೆವು. ಊಟಕ್ಕೆ ಅವಳು ನಾಲ್ಕು ಬಟ್ಟಲು ಇಟ್ಟಳು. ನಾಲ್ಕನೆಯದನ್ನು, ಅವನದನ್ನು, ನಾನೇ ಅವಳ ಪಕ್ಕಕ್ಕೆ ಸರಿಸಿದೆ. ಕೈ ತೊಳೆದು ಏಳುವಾಗ ಅವಳು ನನ್ನ ಮುಖ ನೋಡದೆ, "ನಾಳೆ ಗೋಕರ್ಣಕ್ಕೆ ಬತ್ತೆ, ನೀ ಹೇಳಿದ ಮೇಲೆ" ಎಂದಳು. ಅವಳ ಸೀರೆಯ ಅಂಚು ಇನ್ನೂ ಒದ್ದೆಯಿತ್ತು.

ಮರುದಿನ ಬೆಳಿಗ್ಗೆ ಗೋಕರ್ಣದ ಬಸ್ಸಿಗೆ ಅವಳನ್ನು ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ. ಅಂಗಳಕ್ಕೆ ಬಂದು ಭಟ್ಟರಿಗೆ ಫೋನ್ ಮಾಡಿ ಈ ವರ್ಷ ಬೇಡ ಎಂದೆ.

"ಈಗ ಹೇಳಿದ್ರೆ ಹೆಂಗಮ್ಮ? ದರ್ಭೆ ಆಳು ಕಟ್ಟಿ ಆಗಿದೆ" ಎಂದರು.

ಬಿಚ್ಚಿಬಿಡಿ ಎಂದೆ.