ಅತ್ತೆ ಗೂಡು ಬಿಡಿಸಲು ಬಂದ ದಿನ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆಯುವ ಹುಡುಗಿ ದೊಡ್ಡಪ್ಪನ ಊರು ಅಕ್ಕೂರಿಗೆ ಬಂದಳು, ವಾದ ಮಾಡಿದಳು, ಎಲ್ಲರಿಗೂ ಮಾಸ್ಕ್ ಹಾಕಿಸಿಬಿಟ್ಟಳು. ನಮ್ಮ ಮನೆಯವರು ಈಗ ಹೇಳಿಕೊಂಡು ತಿರುಗುವ ಕಥೆ ಇದು. ಕೇಳಲು ಚೆನ್ನಾಗಿದೆ, ಆದರೆ ಸುಳ್ಳು. ಆ ದಿನ ನಾನು ಸೋತಿದ್ದೆ, ಅದೂ ಒಂದೇ ಪ್ರಶ್ನೆಗೆ.

ಅತ್ತೆ, ಅಂದರೆ ಅಪ್ಪನ ತಂಗಿಗೆ ಕಿಡ್ನಿ ಕಸಿಯಾಗಿ ಎರಡು ವರ್ಷವಾಗಿತ್ತು. ಹೊಸ ಕಿಡ್ನಿಯನ್ನು ದೇಹ ಒಪ್ಪಿಕೊಳ್ಳಲೆಂದು ನುಂಗುವ ಮಾತ್ರೆ ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತದೆ. ನಮಗೆ ನಾಲ್ಕು ದಿನದ ನೆಗಡಿಯಾದದ್ದು ಅವಳಿಗೆ ಆಸ್ಪತ್ರೆ. ಹಾಗಾಗಿ ದೊಡ್ಡಪ್ಪನ ಹುಳದ ಮನೆಯಲ್ಲಿ ರೇಷ್ಮೆ ಗೂಡು ಬಿಡಿಸುವ ದಿನ, ಕೇರಿಯ ಹೆಂಗಸರೆಲ್ಲ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಸುತ್ತ ಕೂತು ಊರವರ ಸುದ್ದಿ ಆಡಿಕೊಂಡು ನಗುವಾಗ, ಅತ್ತೆ ಪಕ್ಕದಲ್ಲೇ ಇದ್ದ ತನ್ನ ಮನೆಯ ಕಿಟಕಿಯಲ್ಲಿ ನಿಂತಿರುತ್ತಿದ್ದಳು. ಎಲ್ಲರೂ ಮಾಸ್ಕ್ ಹಾಕಿ, ಕಿಟಕಿ ತೆರೆದಿಟ್ಟರೆ ಜೊತೆಯಲ್ಲಿ ಕೂರಬಹುದೆಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು.

ನನ್ನ ವಾದ ಗಟ್ಟಿಯಿದೆ ಅಂದುಕೊಂಡೇ ಒಂದು ಡಬ್ಬ ಮಾಸ್ಕ್ ಹಿಡಿದು ಹೋದೆ. ಹುಳದ ಮನೆಯ ಹೊಸ್ತಿಲಲ್ಲಿ ಬ್ಲೀಚಿಂಗ್ ಪುಡಿ, ಸುಣ್ಣ. ಕೈಕಾಲು ತೊಳೆಯದೆ ದೊಡ್ಡಪ್ಪ ಬೀಗರನ್ನೂ ಒಳಗೆ ಬಿಡುವವರಲ್ಲ. ಹುಳಕ್ಕೆ ರೋಗ ತಗಲಬಾರದೆಂದು ಇಷ್ಟು ಮಾಡುವವರು ತಂಗಿಗಾಗಿ ಅರ್ಧ ದಿನ ಮೂಗು ಮುಚ್ಚಿಕೊಳ್ಳಲಾರಿರಾ ಎಂದು ಕೇಳಿದೆ.

ದೊಡ್ಡಪ್ಪ ತಲೆಯೆತ್ತಲಿಲ್ಲ. "ಹುಳಕ್ಕೆ ಬಾಯಿಲ್ಲ, ಅದ್ಕೆ ನಾವೇ ನೋಡ್ಕೋತೀವಿ. ನಿಮ್ಮತ್ತೆಗೆ ಬಾಯೈತಲ್ಲ. ಬತ್ತೀನಿ ಅಂತ ಅವ್ಳೇನಾದ್ರೂ ಅಂದ್ಲೇನಮ್ಮಿ?"

ಅವಳ ಪರವಾಗಿ ಅಷ್ಟು ಮಾತಾಡಿದ ನಾನು ಅವಳನ್ನೇ ಕೇಳಿರಲಿಲ್ಲ.

ಹೋಗಿ ಕೇಳಿದೆ. ಅತ್ತೆ ಸುಲಿಯುತ್ತಿದ್ದ ಅವರೆಕಾಯಿಯ ಮೊರ ನನ್ನ ಕೈಗಿಟ್ಟು, ಸೆರಗು ಸಿಕ್ಕಿಸಿ, ಮಾಸ್ಕ್ ಹಾಕಿಕೊಂಡು ಹೊರಟೇಬಿಟ್ಟಳು. ಹೊಸ್ತಿಲಲ್ಲಿ ಕಾಲು ತೊಳೆದು ಹೊರಗೇ ನಿಂತಳು. ನಾನು ಮಾಸ್ಕಿನ ಡಬ್ಬವನ್ನು ಹೆಂಗಸರ ನಡುವೆ ಇಟ್ಟೆ. ಕೊರೋನ ಹೋಗಿ ಯಾವ ಕಾಲವಾಯಿತು, ಬಾಯಿ ಮುಚ್ಚಿಕೊಂಡರೆ ಎಲೆಅಡಿಕೆ ಹಾಕಿಕೊಳ್ಳುವುದು ಹೇಗೆ ಎಂದು ಒಳಗೆ ಕೂತಿದ್ದ ಹೆಂಗಸೊಬ್ಬಳು ಗೊಣಗಿದಳು.

"ಹೊರ್ಗೋಗಿ ಹಾಕ್ಕೊಂಡ್ ಬಾ," ಎಂದಳು ಅತ್ತೆ. "ನಾನ್ ಎರಡು ವರ್ಸ ಹೊರ್ಗಿದ್ದೆ. ನಿಂಗೆ ಒಸಿ ಹೊತ್ತು ಆಗಕ್ಕಿಲ್ವಾ?"

ನನ್ನ ವಾದ ಮಾಡಲಾರದ್ದನ್ನು ಈ ಮಾತು ಮಾಡಿತು. ಮೊದಲು ಡಬ್ಬಕ್ಕೆ ಕೈಹಾಕಿದವರು ದೊಡ್ಡಪ್ಪನೇ. ಮಾಸ್ಕನ್ನು ತಲೆಕೆಳಗಾಗಿ ಹಾಕಿಕೊಂಡರು. ಮೂಗಿನ ತಂತಿ ಗದ್ದಕ್ಕೆ ಬಂತು. ಹೆಂಗಸರು ನಕ್ಕು ನಕ್ಕು, ತಾವೂ ಒಂದೊಂದು ತೆಗೆದುಕೊಂಡರು. ಯಾರೋ ಕಿಟಕಿಗಳನ್ನು ತೆರೆದರು, ಅತ್ತೆ ಒಳಗೆ ಬಂದು ಕೂತಳು.

ಆಮೇಲಿನದು ಹಬ್ಬ. ಅರ್ಧ ಮುಖ ಮುಚ್ಚಿದ ಮೇಲೆ ಎಲ್ಲರ ಮಾತಿಗೂ ಧೈರ್ಯ ಬಂತು. ದೊಡ್ಡಪ್ಪನ ಗೊರಕೆಯನ್ನು ಅಣಕಿಸಿದ್ದು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಅತ್ತೆಯ ಬೆರಳು ಮೊದಲಿನಷ್ಟು ಚುರುಕಿರಲಿಲ್ಲ. ನಿನ್ನ ಚಂದ್ರಿಕೆ ಮುಗಿಯುವಷ್ಟರಲ್ಲಿ ಗೂಡು ಕೊರೆದು ಚಿಟ್ಟೆ ಹೊರಬಂದಿರುತ್ತದೆಂದು ಅವಳನ್ನು ಯಾರೋ ಗೇಲಿ ಮಾಡಿದರು. ಅದನ್ನು ಕೇಳಿ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಲೆಅಡಿಕೆಗೆಂದು ಹೊರಗಿನ ಹೊಂಗೆ ಮರದ ಕೆಳಗೆ ಸರದಿಯೇ ಶುರುವಾಯಿತು.

ಸಂಜೆ, ರಾಮನಗರದ ಮಾರುಕಟ್ಟೆಗೆಂದು ಗೂಡಿನ ಚೀಲ ಕಟ್ಟುತ್ತಿದ್ದ ದೊಡ್ಡಪ್ಪನ ಎದುರು ಹೋಗಿ ನಿಂತೆ. ಗೆದ್ದಿದ್ದು ಒಂದು ದಿನ ಮಾತ್ರ ಅನ್ನುವುದು ನನಗೆ ಗೊತ್ತಿತ್ತು.

"ಮುಂದಿನ ಬೆಳೆಗೆ ಯಾರಾದ್ರೂ ಮಾಸ್ಕ್ ಬೇಡ ಅಂದ್ರೆ, ಹೊರಗೆ ನಿಲ್ಲೋದು ಯಾರು ದೊಡ್ಡಪ್ಪ? ಅವ್ರಾ, ಅತ್ತೆನಾ?"