ಬಂತು, ಹೋತು

ಆಸ್ಪತ್ರೆಯಿಂದ ಮನೆಗೆ ಬಂದಾಗ ನನ್ನ ಗಂಡನ ಬಾಯಲ್ಲಿ ಉಳಿದಿದ್ದುದು ಒಂದೇ ಮಾತು. "ಹೋತು." ನೀರು ಬೇಕಾದರೂ ಹೋತು, ಫ್ಯಾನು ಕಡಿಮೆ ಮಾಡಬೇಕಾದರೂ ಹೋತು, ಕಿಟಕಿಯ ಸರಳಿನ ಮೇಲೆ ಪಾರಿವಾಳ ಬಂದು ಕೂತರೂ ಹೋತು. ನಾನು ಮೈಸೂರಿನ ಕಡೆಯವಳು, ನಮ್ಮಲ್ಲಿ 'ಹೋಯ್ತು' ಅನ್ನುತ್ತೇವೆ. ಅವರು ಧಾರವಾಡದ ಕಡೆಯವರು. ಮೆದುಳಿನ ಎಡಭಾಗಕ್ಕೆ ಹೋಗುವ ರಕ್ತ ನಿಂತು ಬಲಗೈ, ಬಲಗಾಲು ಸೋತಿದ್ದವು. ನಾವು ಹೇಳುವುದೆಲ್ಲ ಅವರಿಗೆ ತಿಳಿಯುತ್ತದೆ, ಹೇಳಬೇಕಾದದ್ದೂ ಒಳಗೆ ಇದೆ, ಅದಕ್ಕೆ ಪದ ಸಿಗುತ್ತಿಲ್ಲ ಎಂದು ಡಾಕ್ಟರು ವಿವರಿಸಿದ್ದರು. ಕೈಗೆ ಸಿಗುತ್ತಿದ್ದ ಪದ ಇದೊಂದೇ.

ಎದುರು ಫ್ಲ್ಯಾಟಿನ ಆಂಟಿ ಉಡುಪಿ ಕಡೆಯವರು. ದಿನಾ ಸಂಜೆ ಬಂದು ಹಾಸಿಗೆಯ ಪಕ್ಕ ಕೂರುತ್ತಿದ್ದರು. ಇವರು "ಹೋತು" ಅಂದ ಕೂಡಲೇ ಅವರಿಗೆ ಸಂಕಟವಾಗುತ್ತಿತ್ತು.

"ಹಾಗೆಲ್ಲ ಹೇಳಬಾರದು ಮಾರಾಯ್ರೆ. ಎಂತ ಹೋದದ್ದು? ಎಲ್ಲ ಉಂಟಲ್ಲ. ಹೆಂಡತಿ ಉಂಟು, ಮನೆ ಉಂಟು."

"ಹೋತು," ಎಂದು ಇವರು ತಲೆ ಅಲ್ಲಾಡಿಸುತ್ತಿದ್ದರು.

ಆಂಟಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಅಡುಗೆಮನೆಗೆ ಬಂದು, "ಮನಸ್ಸಿಗೆ ತುಂಬಾ ಹಚ್ಚಿಕೊಂಡಿದ್ದಾರೆ ಇವರು," ಅನ್ನುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಆಸ್ಪತ್ರೆಯ ವಾರ್ಡಿನಲ್ಲಿ ಮೊದಲ ಸಲ ಆ ಮಾತು ಕೇಳಿದಾಗ ನನ್ನ ಕೈಯಲ್ಲಿದ್ದ ಎಳನೀರಿನ ಲೋಟವನ್ನು ಕುಡಿಸದೆಯೇ ಕೆಳಗಿಟ್ಟಿದ್ದೆ. ಈಗ ಬರೆಯುವಾಗಲೂ ಆ ಲೋಟ ಕಾಣುತ್ತದೆ.

ಅವರು ಧ್ವನಿಯ ಕೆಲಸದವರು. ಮುಂಬೈನ ಜೋಗೇಶ್ವರಿಯಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿನ ಗಲ್ಲಿಯಲ್ಲಿ, ಬೋಲ್ಟು ನಟ್ಟು ಮಾಡುವ ಗಾಳಾಗಳ, ಅಂದರೆ ಒಂದೊಂದು ಕೋಣೆಯ ಕಾರ್ಖಾನೆಗಳ ನಡುವೆ, ಒಂದು ಪುಟ್ಟ ರೆಕಾರ್ಡಿಂಗ್ ಸ್ಟುಡಿಯೊ ಇದೆ. ಹಿಂದಿಯಲ್ಲಿ ತಯಾರಾದ ಜಾಹೀರಾತುಗಳಿಗೆ ಅಲ್ಲಿ ಕನ್ನಡ ಧ್ವನಿ ಕೊಡುತ್ತಿದ್ದರು. ಸೋಪು, ಸಿಮೆಂಟು, ಬಿತ್ತನೆ ಬೀಜ, ಕೊನೆಯಲ್ಲಿ ಒಂದೇ ಉಸಿರಿಗೆ ಓಡಿಸುವ ಷರತ್ತುಗಳು. ಆ ಕನ್ನಡ ಧಾರವಾಡದ್ದೂ ಅಲ್ಲ, ಮೈಸೂರಿನದೂ ಅಲ್ಲ. "ಅದು ಯಾರ ಮನ್ಯಾಗೂ ಮಾತಾಡಾಂಗಿಲ್ಲ," ಎಂದು ಅವರೇ ನಗುತ್ತಿದ್ದರು. ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಅದನ್ನೂ ಬಾಗಿಲಲ್ಲಿ ಬಿಡುತ್ತಿದ್ದರು. "ಏ ಮೈಸೂರ, ಚಾ ಮಾಡ್ತಿಯೋ, ನಾನ ಮಾಡ್ಲ್ಯೋ?"

ಮದುವೆಯಾದ ಮೇಲೆ ಅವರು ನನ್ನ ಹೆಸರು ಹಿಡಿದು ಕರೆದದ್ದು ಕಡಿಮೆ. ನಾನು ಅವರಿಗೆ ಮೈಸೂರ. ನಮ್ಮ ಪರಿಚಯವಾದದ್ದು ಫೋರ್ಟ್‌ನಲ್ಲಿ, ನನ್ನ ಬ್ಯಾಂಕಿನ ಹತ್ತಿರದ ಉಡುಪಿ ಹೋಟೆಲಿನ ಒಂದೇ ಟೇಬಲಿನಲ್ಲಿ. ಸಾಂಬಾರು ಸಿಹಿ ಎಂದು ಅವರು ಗೊಣಗಿದರು, ನನಗೆ ಸರಿಯಾಗಿದೆ ಅಂದೆ. "ಮೈಸೂರೇನ್ರಿ?" ಎಂದು ಕೇಳಿದರು. ಆ ಹೆಸರು ಅಲ್ಲಿಂದ ಬಂದದ್ದು.

ಅವರು ಮಲಗಿದ ಆ ದಿನಗಳಲ್ಲಿ ನನಗೆ ಬೇಕಾಗಿದ್ದುದು ಒಂದೇ. ನಡೆಯದಿದ್ದರೂ ಪರವಾಗಿಲ್ಲ, ಕೈ ಬಾರದಿದ್ದರೂ ನಡೆಯುತ್ತದೆ, ಇನ್ನೊಮ್ಮೆ ಮೈಸೂರ ಎಂದು ಕರೆಯಬೇಕು.

ಮಾತಿನ ಅಭ್ಯಾಸ ಮಾಡಿಸಲು ಬರುತ್ತಿದ್ದ ಹುಡುಗಿ ಮರಾಠಿಯವಳು. ಹಿಂದಿಯಲ್ಲಿ 'ಪಾನಿ' ಅನ್ನಿ, 'ಪಂಖಾ' ಅನ್ನಿ ಎಂದು ಚಿತ್ರ ತೋರಿಸುತ್ತಿದ್ದಳು. ಇವರು ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. "ಕನ್ನಡದಲ್ಲಿ ನೀವೇ ಮಾಡಿಸಿ," ಎಂದು ಅವಳು ನನಗೆ ಹೇಳಿಕೊಟ್ಟಳು. ನಾನು 'ನೀರು ಬೇಕು' ಎಂದು ತುಟಿ ಅಗಲಿಸಿ ತೋರಿಸಿದರೆ ಇವರ ಕಣ್ಣಿನಲ್ಲಿ ಸಣ್ಣಗೆ ಗೇಲಿ ಮೂಡುತ್ತಿತ್ತು. 'ನೀರ ಬೇಕ' ಎಂದು ಅವರ ಹಾಗೆ ಅಂದೆ. ಅದು ನನ್ನ ಬಾಯಲ್ಲಿ ಸರಿ ಕೂರಲಿಲ್ಲ. ಚಿತ್ರಗಳನ್ನು ಎತ್ತಿಟ್ಟೆ.

ಒಂದು ದಿನ ಆ ಹುಡುಗಿ ಕೋಣೆಯ ಮೂಲೆಯಲ್ಲಿದ್ದ ಮೈಕು ನೋಡಿದಳು. "ಇನ್ಕೋ ಹೆಡ್‌ಫೋನ್ ಮೇ ಅಪ್ನೀ ಆವಾಜ್ ಸುನ್ನೇ ಕೀ ಆದತ್ ಹೈ ನಾ? ವಹೀ ದೇ ದೋ." ತನ್ನ ಧ್ವನಿ ತನಗೆ ಕಿವಿಯಲ್ಲಿ ಕೇಳಿಸಿದರೆ ಪ್ರಯತ್ನಿಸಬಹುದು ಎಂಬುದು ಅವಳ ಊಹೆ. ನನ್ನ ಫೋನಿನ ಇಯರ್‌ಫೋನ್ ಕಿವಿಗೆ ಇಟ್ಟೆ. ಇವರು ಎಡಗೈಯಲ್ಲಿ ಕಿತ್ತು ಹಾಸಿಗೆಯ ಮೇಲೆ ಎಸೆದು, ಮೂಲೆಯ ಮೇಜಿನತ್ತ ಬೆರಳು ಮಾಡಿದರು.

ಆ ಮೇಜಿನ ಮೇಲೆ ಅವರೇ ಕಟ್ಟಿದ ಕಂಪ್ಯೂಟರ್ ಇತ್ತು. ಸ್ಟುಡಿಯೊದ ರೆಕಾರ್ಡಿಂಗ್ ಸಾಫ್ಟ್‌ವೇರ್ ಮ್ಯಾಕ್‌ಒಎಸ್‌ನಲ್ಲಿ, ಸೇಬಿನ ಗುರುತಿನ ಕಂಪನಿ ತನ್ನ ಕಂಪ್ಯೂಟರುಗಳಿಗೆಂದೇ ಮಾಡುವ ವ್ಯವಸ್ಥೆಯಲ್ಲಿ, ಮಾತ್ರ ನಡೆಯುತ್ತಿತ್ತು. ಮನೆಯಲ್ಲೂ ಅದೇ ಬೇಕೆಂದು ಅವರು ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಿಂದ ಒಂದೊಂದೇ ಭಾಗ ತಂದು ಜೋಡಿಸಿ, ಬೇರೆ ಜಾತಿಯ ಆ ಡಬ್ಬಿಯೊಳಗೆ ಮ್ಯಾಕ್ ಅನ್ನು ಕೂರಿಸಿದ್ದರು. ಪರದೆಯ ಮೂಲೆಯ ಸೇಬು ಒತ್ತಿ ಕೇಳಿದರೆ, ತಾನು ಕಂಪನಿಯಿಂದಲೇ ಬಂದ ಅಸಲಿ ಮಾಡೆಲ್ ಎಂದು ಅದು ಹೇಳುತ್ತಿತ್ತು. "ನಮ್ಮಂಗ ಐತಿ ನೋಡಿದು," ಅನ್ನುತ್ತಿದ್ದರು. "ಕೇಳಿದ್ರ ಮುಂಬೈದಂವಾ ಅಂತೈತಿ. ಒಳಗ ಬಗ್ಗಿ ನೋಡಿದ್ರ ಎಲ್ಲಾ ಬ್ಯಾರೆ ಊರಿನ ಸಾಮಾನು."

ಅದನ್ನು ಕಟ್ಟಿದಾಗ ಬಹಳ ಕಾಡಿದ್ದು ಯುಎಸ್‌ಬಿ ಪೋರ್ಟುಗಳು, ವೈರು ಚುಚ್ಚುವ ಆ ತೂತುಗಳು. ಡಬ್ಬಿಯ ಹಿಂದೆ ಮುಂದೆ ತೂತುಗಳು ಬೇಕಾದಷ್ಟಿದ್ದವು. ಮ್ಯಾಕ್ ಒಂದು ಮಿತಿಗಿಂತ ಹೆಚ್ಚು ತೂತುಗಳನ್ನು ಒಪ್ಪುವುದಿಲ್ಲ. ಆದ್ದರಿಂದ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಮೊದಲೇ ಆರಿಸಿ ಅದಕ್ಕೆ ತಿಳಿಸಬೇಕು. ಅದಕ್ಕೂ ಮುಂಚೆ ಯಾವ ತೂತು ಪರದೆಯ ಮೇಲಿನ ಯಾವ ಸಾಲು ಎಂದು ಕಂಡುಕೊಳ್ಳಬೇಕು. ಅದು ಇಬ್ಬರ ಕೆಲಸ. "ನೀ ಸಣ್ಣಾಕಿ, ನೀ ಕೆಳಗ ಹೋಗು," ಎಂದು ನನ್ನನ್ನು ಮೇಜಿನ ಕೆಳಗೆ ಕಳಿಸಿದರು. ನಾನು ಪೆನ್‌ಡ್ರೈವ್ ಚುಚ್ಚಿ "ಬಂತಾ?" ಅನ್ನುವುದು. ಪರದೆಯಲ್ಲಿ ಸಾಲು ಬೆಳಗಿದರೆ ಅವರು "ಬಂತು" ಅನ್ನುವುದು. ಕಿತ್ತು "ಹೋಯ್ತಾ?" ಎಂದರೆ "ಹೋತು."

"ಹೋಯ್ತಾ ಅಲ್ಲ ಮೈಸೂರ, ಹೋತಾ. ನಡುವ ಒಂದ ಯ ಯಾಕ ಸುಮ್ನ ಖರ್ಚ ಮಾಡ್ತಿ?"

"ನಿಮ್ಮೂರಿಗೆ ಅಷ್ಟೊಂದು ಬರಗಾಲವಾ ಅಕ್ಷರಕ್ಕೆ?"

"ಮಾತ ಕಡಿಮಿ. ಮುಂದಿನ ತೂತ."

ಆ ಭಾನುವಾರವೆಲ್ಲ ಹಾಗೇ ಕಳೆಯಿತು. ಬೆನ್ನು ಹಿಡಿದಿತ್ತು. ಯಾವ ತೂತು ಉಳಿಯಿತು, ಯಾವುದು ಹೋಯಿತು ಎಂದು ನಾನು ನೆನಪಿಟ್ಟುಕೊಳ್ಳಲಿಲ್ಲ. ಅವರಿಗೆ ಗೊತ್ತಿತ್ತಲ್ಲ.

ಈಗ ಆಗಿದ್ದುದು ಇಷ್ಟು. ಆಸ್ಪತ್ರೆಯ ಮಂಚವನ್ನು ಬಾಡಿಗೆಗೆ ತಂದಾಗ ನಮ್ಮ ಒಂದು ಕೋಣೆಯ ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ವೈರುಗಳನ್ನೆಲ್ಲ ಕಿತ್ತು ಮೇಜನ್ನು ಮೂಲೆಗೆ ಒತ್ತಿದ್ದೆವು. ಮತ್ತೆ ಚುಚ್ಚಿದಾಗ ಪರದೆ ಬಂತು, ಕೀಬೋರ್ಡು ಬಂತು. ಮೈಕು, ಹೆಡ್‌ಫೋನ್ ಎರಡೂ ಸೇರುವ ಅಂಗೈಯಗಲದ ಆಡಿಯೊ ಪೆಟ್ಟಿಗೆ ಮಾತ್ರ ಬರಲಿಲ್ಲ. ಅದರ ದೀಪ ಕೆಂಪಗೆ ಉರಿಯುತ್ತಿತ್ತು. ಕಂಪ್ಯೂಟರ್ ಅದನ್ನು ಗುರುತಿಸಿದರೆ ಹಸಿರಾಗಬೇಕು. ಕರೆಂಟು ಎಲ್ಲ ತೂತಿನಲ್ಲೂ ಇತ್ತು, ಬಿಟ್ಟುಬಿಟ್ಟ ತೂತುಗಳಲ್ಲೂ. ಹಾಗಾಗಿ ಎಲ್ಲಿ ಚುಚ್ಚಿದರೂ ಪೆಟ್ಟಿಗೆ ಬದುಕಿರುವಂತೆಯೇ ಕಾಣುತ್ತಿತ್ತು.

ಸ್ಟುಡಿಯೊದ ಸೌಂಡ್ ಎಂಜಿನಿಯರ್, ಇವರ ಹಳೆಯ ಗೆಳೆಯ, ನೋಡಲು ಬಂದಾಗ ಕೇಳಿದೆ. ಅವನು ಸೇಬು ಒತ್ತಿ ನೋಡಿ, ಡಬ್ಬಿಯನ್ನು ನೋಡಿ, ಕೈ ಹಿಂದಕ್ಕೆ ಎಳೆದುಕೊಂಡ. "ಭಾಭೀ, ಯೇ ಅಸ್ಲೀ ಮ್ಯಾಕ್ ನಹೀ ಹೈ. ಮೈ ಹಾಥ್ ಲಗಾಊಂಗಾ ತೋ ಜೋ ಚಲ್ತಾ ಹೈ ವೋ ಭೀ ಬಂದ್." ತಾನು ಕೈ ಹಾಕಿದರೆ ನಡೆಯುತ್ತಿರುವುದೂ ನಿಂತೀತೆಂಬ ಭಯ ಅವನಿಗೆ. ಆಮೇಲೆ ಮಂಚದ ಕಡೆ ತಿರುಗಿ, "ಕ್ಯಾ ಬಾಸ್, ಕೌನ್‌ಸಾ ಪೋರ್ಟ್?" ಎಂದ.

"ಹೋತು," ಅಂದರು ಇವರು.

ಅವನಿಗೆ ಅರ್ಥ ಕೇಳುವ ಧೈರ್ಯವಾಗಲಿಲ್ಲ. ಚಹಾ ಕುಡಿದು ಹೋದ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ನಾನೇ ಮೇಜಿನ ಕೆಳಗೆ ಹೋದೆ. ಮಂಚದ ಕಾಲು, ಗೋಡೆ, ಡಬ್ಬಿ ಇವುಗಳ ನಡುವೆ ಒಬ್ಬಳು ಮಡಿಸಿಕೊಂಡು ಕೂರುವಷ್ಟೇ ಜಾಗ. ಪೆಟ್ಟಿಗೆಯ ವೈರನ್ನು ಒಂದು ತೂತಿಗೆ ಚುಚ್ಚಿ, ತೆವಳಿ ಹೊರಬಂದು, ಎದ್ದು ದೀಪ ನೋಡಬೇಕು. ಕೆಂಪು. ಮತ್ತೆ ಒಳಗೆ. ಇನ್ನೊಂದು ತೂತು, ಮತ್ತೆ ಹೊರಗೆ, ಕೆಂಪು. ಮೊಣಕಾಲು ನೋಯತೊಡಗಿತು. ಮತ್ತೊಮ್ಮೆ ಒಳಗಿದ್ದಾಗ ಮಂಚ ಕಿರುಗುಟ್ಟಿತು, ಎಡಗೈಯಲ್ಲಿ ಹಿಡಿದು ಎರಡು ಹೆಜ್ಜೆ ಇಡಲೆಂದು ತಂದಿದ್ದ ವಾಕರಿನ ರಬ್ಬರು ಕಾಲುಗಳು ನೆಲಕ್ಕೆ ಒತ್ತಿ ಎಳೆದ ಸದ್ದು ಬಂತು. ಕೂಗಬೇಕೆಂದಿದ್ದೆ, ಬಿದ್ದುಬಿಟ್ಟಾರು ಎಂದು ಬಾಯಿ ಮುಚ್ಚಿಕೊಂಡೆ. ಕುರ್ಚಿ ಸರಿಯಿತು. ನನ್ನ ಮುಖದ ಎದುರಿಗೆ ಅವರ ಎರಡು ಪಾದಗಳು ಬಂದು ನಿಂತವು. ಬಲಗಾಲಿನ ಸಾಕ್ಸು ತಿರುಚಿಕೊಂಡಿತ್ತು.

ಅವರು ಪರದೆಯ ಮುಂದೆ ಕೂತಿದ್ದರು.

ನಾನು ಇನ್ನೊಂದು ತೂತಿಗೆ ಚುಚ್ಚಿದೆ. ಅಭ್ಯಾಸಬಲದಿಂದ "ಬಂತಾ?" ಅಂದೆ.

ಮೇಲೆ ಮಾತಿಲ್ಲ. ಮುಂದಿನ ತೂತು. "ಬಂತಾ?" ಮಾತಿಲ್ಲ. ಸಾಕ್ಸು ಸರಿ ಮಾಡಿ ಇನ್ನೊಂದಕ್ಕೆ ಚುಚ್ಚಿದೆ.

"ಹೋತು."

ಇದೂ ಅಲ್ಲ ಎಂದುಕೊಂಡು ಕಿತ್ತೆ.

"ಹೋತು."

ನಾನು ವೈರನ್ನು ಹಿಡಿದು ಹಾಗೇ ಕೂತೆ. ಪದ ಅದೇ, ರಾಗ ಬೇರೆಯಿತ್ತು. ಮೊದಲನೆಯದು ಕೊನೆಯಲ್ಲಿ ಮೇಲಕ್ಕೆ ಎದ್ದಿತ್ತು, ಎರಡನೆಯದು ಕೆಳಗೆ ಇಳಿದಿತ್ತು. ಅದೇ ತೂತಿಗೆ ಮತ್ತೆ ಚುಚ್ಚಿದೆ. ಎದ್ದ ಹೋತು. ಕಿತ್ತೆ. ಇಳಿದ ಹೋತು. ಆ ಭಾನುವಾರದ ಬಂತು ಹೋತುಗಳ ರಾಗ ಅದು. ಜೋಡಿಯಲ್ಲಿ ಒಂದು ಪದ ಕಳೆದುಹೋಗಿ, ಉಳಿದದ್ದೇ ಎರಡೂ ಕೆಲಸ ಮಾಡುತ್ತಿತ್ತು. ಆಸ್ಪತ್ರೆಯಿಂದ ಈವರೆಗೆ ಅವರು ಆಡಿದ ಎಲ್ಲ ಹೋತುಗಳೂ ಹೀಗೆಯೇ ಇದ್ದವೆಂದು ನಾನು ಹೇಳಲಾರೆ. ನನಗೆ ಗೊತ್ತಿಲ್ಲ. ನೀರು ತಂದುಕೊಟ್ಟಾಗಿನ ಹೋತು ಮೇಲೆ ಎದ್ದಿತ್ತೆ ಎಂದು ನೆನಪಿಸಿಕೊಳ್ಳಲು ನೋಡಿದೆ. ಆಗ ನಾನು ಪದವನ್ನು ಕೇಳಿ ಹೆದರುತ್ತಿದ್ದೆ, ರಾಗವನ್ನು ಕೇಳಿಸಿಕೊಂಡಿರಲಿಲ್ಲ.

ಚುಚ್ಚಿ, ಗಟ್ಟಿಯಾಗಿದೆಯೇ ಎಂದು ಒತ್ತಿ ನೋಡಿ ಹೊರಬಂದೆ. ದೀಪ ಹಸಿರಾಗಿತ್ತು.

ಹೆಡ್‌ಫೋನ್ ತೊಡಿಸಿದೆ. ಬಲಗಿವಿಯ ಮೇಲೆ ಅದು ಸ್ವಲ್ಪ ಜಾರಿತು, ಅವರೇ ಎಡಗೈಯಿಂದ ಸರಿ ಮಾಡಿಕೊಂಡರು. ಮೈಕಿನ ಮುಂದೆ ಉಸಿರು ಬಿಟ್ಟು ಕೇಳಿದರು. ಕೆಲಸ ಶುರು ಮಾಡುವ ಮುಂಚೆ ಯಾವಾಗಲೂ ಹಾಗೆ ಮಾಡುತ್ತಿದ್ದರು. ಆಮೇಲೆ ಮೈಕಿನೊಳಗೆ ನಿಧಾನವಾಗಿ "ಹೋತು" ಅಂದರು.

ಅವರ ಹುಬ್ಬು ಗಂಟಾಯಿತು. ತಾವು ಹೇಳಿದ್ದು ತಮಗೆ ಕೇಳಿಸಿತ್ತು. ಇಷ್ಟು ದಿನ ತಾವು ಬೇರೆ ಬೇರೆ ಮಾತು ಆಡುತ್ತಿದ್ದೇವೆ ಎಂದೇ ಅವರು ತಿಳಿದಿದ್ದರೋ ಏನೋ. ಆ ಮುಖವನ್ನು ನೋಡುತ್ತ ನಿಲ್ಲುವುದು ಕಷ್ಟವಾಯಿತು. ಹೆಡ್‌ಫೋನ್ ತೆಗೆದುಬಿಡಲೇ ಎಂದು ಕೈ ಚಾಚಿದೆ. ಅವರು ನನ್ನ ಕೈ ತಳ್ಳಿ, ಎಡಗೈಯ ಒಂದು ಬೆರಳು ಎತ್ತಿ ತೋರಿಸಿದರು. ಸ್ಟುಡಿಯೊದಲ್ಲಿ ಟೇಕ್ ಕೆಟ್ಟಾಗ ಗಾಜಿನಾಚೆಯವರಿಗೆ ತೋರಿಸುವ ಬೆರಳು ಅದು. ಇನ್ನೊಮ್ಮೆ.

ಅಂದಿನಿಂದ ಊಟವಾದ ಮೇಲೆ ಅವರು ಆ ಕುರ್ಚಿಗೆ ಹೋಗುತ್ತಾರೆ. ಹೋತು ಅನ್ನುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ಬೆರಳು ಎತ್ತುತ್ತಾರೆ. ಪರದೆಯ ಮೂಲೆಯಲ್ಲಿ ಹೊಸ ಮ್ಯಾಕ್‌ಒಎಸ್ ಬಂದಿದೆ, ಹಾಕಿಕೊಳ್ಳಲೇ ಎಂಬ ಚೀಟಿ ಆಗಾಗ ಇಣುಕುತ್ತದೆ. ಹಾಕಿಕೊಂಡರೆ ಜೋಡಿಸಿದ್ದೆಲ್ಲ ಕದಡುತ್ತದೆ ಎಂದು ಅವರು ಹಿಂದೆ ಹೇಳಿದ್ದರು. ಎಡಗೈಯಿಂದ ಮೌಸ್ ಸರಿಸಿ 'ನಾಳೆ ನೆನಪಿಸು' ಎಂಬುದನ್ನು ಅವರೇ ಒತ್ತುತ್ತಾರೆ. ಎದುರು ಮನೆಯ ಆಂಟಿಗೆ ನಾನು ಎದ್ದ ಹೋತು, ಇಳಿದ ಹೋತು ಎಂದು ಬಿಡಿಸಿ ಹೇಳಿದೆ. "ನಿಮಗೆ ಹಾಗೆ ಕೇಳ್ತದೆ, ಆಯ್ತು," ಅಂದರು.

ಇರಬಹುದು. ಆದರೂ ನಾನು ದಿನಕ್ಕೊಮ್ಮೆ ಧೂಳು ಒರೆಸುವ ಬಟ್ಟೆ ಹಿಡಿದು ಮೇಜಿನ ಕೆಳಗೆ ಹೋಗುತ್ತೇನೆ. ಅಲ್ಲಿ ಒರೆಸುವಂಥದ್ದೇನೂ ಉಳಿದಿಲ್ಲ. ಅಲ್ಲಿಂದ ವಾಲಿದ ತುಟಿ, ಮಡಿಲಲ್ಲಿ ಬಿದ್ದಿರುವ ಬಲಗೈ ಕಾಣುವುದಿಲ್ಲ. ಕಾಣುವುದು ಎರಡು ಪಾದ, ಕೇಳುವುದು ಧ್ವನಿ. ಧ್ವನಿಗೆ ಏನೂ ಆಗಿಲ್ಲ. ಮೊದಲಿನ ಹಾಗೆಯೇ ಎದೆಯ ಆಳದಿಂದ, ತುಸು ಒರಟಾಗಿ ಬರುತ್ತದೆ. ಆ ಭಾನುವಾರವೂ ನಾನು ಇಲ್ಲಿಂದಲೇ ಅದನ್ನು ಕೇಳಿದ್ದೆ.

ನಿನ್ನೆ ಅಲ್ಲಿ ಕೂತು ಆಡಿಯೊ ಪೆಟ್ಟಿಗೆಯ ವೈರನ್ನು ಬೇಕೆಂದೇ ಕಿತ್ತೆ.

"ಹೋತು," ಅಂದರು. ಸರಿಯಾದ ಮಾತು.

ಮತ್ತೆ ಚುಚ್ಚಿದೆ. "ಬಂತಾ?" ಎಂದು ಕೇಳಿದೆ. ಮೇಲೆ ಕುರ್ಚಿ ಸಣ್ಣಗೆ ಸದ್ದು ಮಾಡಿತು. ಎಡಪಾದದ ಬೆರಳುಗಳು ನೆಲಕ್ಕೆ ಒತ್ತಿಕೊಂಡವು. ಎರಡು ತುಟಿ ಸೇರಿ ಬಿಟ್ಟ ಸದ್ದು ಕೇಳಿತು. ಹೋತು ಅನ್ನಲು ತುಟಿ ಸೇರಬೇಕಾಗಿಲ್ಲ. ಬಂತು ಅನ್ನಲು ಸೇರಬೇಕು, ಮೈಸೂರ ಅನ್ನಲೂ ಸೇರಬೇಕು. ಮುಂದಿನದು ಬರಲಿಲ್ಲ. ನಾನು ಕಾದೆ. ಕೆಳಗೆ ಗಲ್ಲಿಯಲ್ಲಿ ಗಾಳಾದ ಯಂತ್ರ ಶುರುವಾಗಿ ನಿಂತಿತು.

ವೈರನ್ನು ಕಿತ್ತು, ಮತ್ತೆ ಚುಚ್ಚಿ, ಇನ್ನೊಮ್ಮೆ ಕೇಳಿದೆ.